ಹೊಗೆಯಾಡದ ಕೆಂಡ ಕೋಣೆಯಲ್ಲಿದ್ದರೆ ಅಪಾಯವಿಲ್ಲವೇ? ಸರೋವರದ ದಂಡೆಯ ಮರದ ಮನೆಯ ರೀಲ್ ಹೇಳದ ವಿಷಯ

ಕಾಡಿನ ನಡುವೆ ಸರೋವರ, ದಂಡೆಯಲ್ಲಿ ಮರದ ಪುಟ್ಟ ಮನೆ, ಒಳಗೆ ಕೆಂಪಗೆ ಬೆಂಕಿ. ಚಳಿಗಾಲ ಬಂತೆಂದರೆ ಇಂಥ ರೀಲ್ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದೇ ಬರುತ್ತದೆ. ನೋಡಿದವರಲ್ಲಿ ಕೆಲವರು ಮಲೆನಾಡಿನ ಹಿನ್ನೀರಿನ ಬದಿಯಲ್ಲಿ ಅಂಥದ್ದೇ ಒಂದು ಕಾಟೇಜ್ ಬುಕ್ ಮಾಡುತ್ತಾರೆ. ರಾತ್ರಿ ಚಳಿ ಹೆಚ್ಚಾದರೆ ಕ್ಯಾಂಪ್‌ಫೈರ್‌ನಲ್ಲಿ ಉಳಿದ ಕೆಂಡವನ್ನು ಬಾಣಲೆಗೆ ತುಂಬಿ ಕೋಣೆಯೊಳಗೆ ತಂದಿಡುವುದೂ ಉಂಟು. ಜೊತೆಗೆ ಮೂರು ಸಲಹೆ: ಹೊಗೆ ನಿಂತಿದೆ, ಏನೂ ಆಗಲ್ಲ. ಪಕ್ಕದಲ್ಲಿ ಪಾತ್ರೆಯಲ್ಲಿ ನೀರಿಡಿ, ಗ್ಯಾಸ್ ಹೀರಿಕೊಳ್ಳುತ್ತದೆ. ಗ್ಯಾಸ್ ಮೇಲಕ್ಕೆ ಹೋಗುತ್ತದೆ, ನೆಲದ ಮೇಲೆ ಮಲಗಿ.

ಮೂರೂ ತಪ್ಪು. ಅದರಲ್ಲೂ ಮೊದಲನೆಯದು ಪ್ರಾಣಕ್ಕೆ ಎರವಾಗುವಂಥದ್ದು.

ಸೌದೆ ಅಥವಾ ಇದ್ದಿಲಿಗೆ ಸಾಕಷ್ಟು ಗಾಳಿ ಸಿಕ್ಕಿ ಚೆನ್ನಾಗಿ ಉರಿದರೆ ಹೆಚ್ಚಾಗಿ ಕಾರ್ಬನ್ ಡೈಆಕ್ಸೈಡ್ ಬರುತ್ತದೆ. ಗಾಳಿ ಸಾಲದೆ ಅರೆಬರೆ ಉರಿದರೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಜ್ವಾಲೆ ಇದ್ದಾಗ ಈ ಮಾನಾಕ್ಸೈಡ್‌ನ ಬಹುಪಾಲು ಅಲ್ಲೇ ಉರಿದುಹೋಗುತ್ತದೆ. ಜ್ವಾಲೆ ಆರಿ ಕೆಂಡವಷ್ಟೇ ಉಳಿದಾಗ ಅದು ಹಾಗೆಯೇ ಹೊರಬರುತ್ತದೆ. ಅಂದರೆ ‘ಇನ್ನು ಹೊಗೆಯಿಲ್ಲ, ಒಳಗೆ ತರಬಹುದು’ ಎಂದು ನಾವು ಅಂದುಕೊಳ್ಳುವ ಹೊತ್ತೇ ಅತಿ ಅಪಾಯದ ಹೊತ್ತು. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣುರಿಯಿಲ್ಲ. ‘ಗ್ಯಾಸ್ ಆದರೆ ವಾಸನೆ ಬರಬೇಕಲ್ಲ’ ಎಂಬ ನಂಬಿಕೆ ನಮಗೆ ಅಡುಗೆಮನೆಯಿಂದ ಬಂದದ್ದು. ಸಿಲಿಂಡರ್ ಗ್ಯಾಸಿಗೆ ಸೋರಿಕೆ ಗೊತ್ತಾಗಲೆಂದೇ ವಾಸನೆ ಬೆರೆಸಿರುತ್ತಾರೆ. ಕೆಂಡಕ್ಕೆ ಯಾರೂ ಬೆರೆಸುವುದಿಲ್ಲ.

ನೀರಿನ ಪಾತ್ರೆಯ ಮಾತು ಬೇಗ ಮುಗಿಯುತ್ತದೆ: ಕಾರ್ಬನ್ ಮಾನಾಕ್ಸೈಡ್ ನೀರಿನಲ್ಲಿ ಕರಗುವುದು ತೀರಾ ಅಲ್ಪ. ನೆಲದ ಮೇಲೆ ಮಲಗಿದರೂ ಪ್ರಯೋಜನವಿಲ್ಲ. ಅದರ ತೂಕ ಹೆಚ್ಚುಕಡಿಮೆ ಗಾಳಿಯಷ್ಟೇ ಇರುವುದರಿಂದ ಕೋಣೆಯ ತುಂಬ ಬೆರೆತುಕೊಳ್ಳುತ್ತದೆ.

ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ಹೀಗಾಗಿ ಉಸಿರಾಡುತ್ತಿದ್ದರೂ ಮೆದುಳಿಗೆ, ಹೃದಯಕ್ಕೆ ಆಮ್ಲಜನಕ ಸಾಲುವುದಿಲ್ಲ. ಮೊದಲು ತಲೆನೋವು, ವಾಕರಿಕೆ, ತಲೆಸುತ್ತು. ಪ್ರವಾಸದಲ್ಲಿ ಇದನ್ನು ‘ಘಾಟಿ ರಸ್ತೆಯ ಸುಸ್ತು’ ಅಂತಲೋ ‘ರಾತ್ರಿ ಹಾಕಿದ್ದು ಜಾಸ್ತಿಯಾಯಿತು’ ಅಂತಲೋ ಅಂದುಕೊಂಡು ಮತ್ತೆ ಮಲಗಿಬಿಡುತ್ತಾರೆ. ಆಮೇಲೆ ಬಾಗಿಲವರೆಗೆ ನಡೆಯಲೂ ಕಾಲಿಗೆ ಬಲವಿರುವುದಿಲ್ಲ. ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಇದೆಯಲ್ಲ ಎನ್ನಬೇಡಿ. ಬೆರಳಿಗೆ ಹಾಕುವ ಸಾಮಾನ್ಯ ಆಕ್ಸಿಮೀಟರ್‌ಗೆ ಮಾನಾಕ್ಸೈಡ್ ಹಿಡಿದ ರಕ್ತಕ್ಕೂ ಆಮ್ಲಜನಕ ತುಂಬಿದ ರಕ್ತಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಸಾಯುತ್ತಿರುವವರಲ್ಲೂ 98 ಎಂದು ತೋರಿಸಬಹುದು.

2020ರ ಜನವರಿಯಲ್ಲಿ ನೇಪಾಳದ ದಾಮನ್‌ನಲ್ಲಿ ಕೇರಳದ ಎಂಟು ಪ್ರವಾಸಿಗರು ಒಂದೇ ಕೋಣೆಯಲ್ಲಿ ತೀರಿಕೊಂಡರು. ಅವರಲ್ಲಿ ನಾಲ್ವರು ಮಕ್ಕಳು. ಚಳಿಗೆ ಕೋಣೆ ಮುಚ್ಚಿ ಗ್ಯಾಸ್ ಹೀಟರ್ ಹಾಕಿಕೊಂಡು ಮಲಗಿದ್ದರು.

ಹಾಗಾದರೆ ರೀಲ್‌ನಲ್ಲಿರುವವರಿಗೆ ಏಕೆ ಏನೂ ಆಗುವುದಿಲ್ಲ? ಇಂಥ ಮನೆಗಳಿಗೆ ಹೆಸರಾದ ಫಿನ್ಲೆಂಡನ್ನೇ ನೋಡಿ. ಅಲ್ಲಿ ಸುಮಾರು 1,88,000 ಸರೋವರಗಳಿವೆ, ‘ಮೊಕ್ಕಿ’ ಎಂದು ಕರೆಯುವ ಬೇಸಿಗೆ ಮನೆಗಳು ಸುಮಾರು 5 ಲಕ್ಷ. ಅಲ್ಲಿ ಬೆಂಕಿ ಉರಿಯುವುದು ಬಾಣಲೆಯಲ್ಲಲ್ಲ, ಚಿಮಣಿಗೆ ಸೇರಿಸಿ ಕಟ್ಟಿದ ಒಲೆಯಲ್ಲಿ. ಕೆಂಡದ ಅನಿಲ ಚಿಮಣಿಯಿಂದ ಹೊರಗೆ ಹೋಗುತ್ತದೆ. ಫೋಟೋದಲ್ಲಿ ಬೆಂಕಿ ಕಾಣುತ್ತದೆ, ಚಿಮಣಿ ಫ್ರೇಮಿನ ಹೊರಗಿರುತ್ತದೆ. ಅಷ್ಟಿದ್ದೂ ಅಲ್ಲಿ ಸಾವುಗಳಾಗಿವೆ. ಬಿಸಿ ಹೊರಹೋಗದಿರಲಿ ಎಂದು ಕೆಂಡ ಪೂರ್ತಿ ಆರುವ ಮೊದಲೇ ಚಿಮಣಿಯ ಮುಚ್ಚಳ ಹಾಕಿದವರಿಗೆ ಹೀಗಾಗುತ್ತದೆ. ಈ ಅನಿಲಕ್ಕೆ ಫಿನ್ನಿಶ್ ಭಾಷೆಯಲ್ಲಿ ‘ಹ್ಯಾಕ್ಯಾ’ ಎಂಬ ಆಡುಮಾತೇ ಇದೆ. ನಮಗೆ ಅಂಥದ್ದೊಂದು ಪದ ಇಲ್ಲದಿರುವುದೂ ಈ ಅಜ್ಞಾನಕ್ಕೆ ಒಂದು ಕಾರಣವಿರಬಹುದು ಎಂದು ನನಗನ್ನಿಸುತ್ತದೆ.

‘ಅಜ್ಜಿ ಕಾಲದಲ್ಲಿ ಬಾಣಂತಿ ಕೋಣೆಯಲ್ಲೇ ಕೆಂಡ ಇಡುತ್ತಿದ್ದರಲ್ಲ?’ ಈ ಪ್ರಶ್ನೆ ಬಂದೇ ಬರುತ್ತದೆ. ಇಡುತ್ತಿದ್ದರು, ನಿಜ. ಹಂಚಿನ ಮನೆಯಲ್ಲಿ ಹಂಚಿನ ಸಂದು, ಗೋಡೆಗೂ ಸೂರಿಗೂ ನಡುವಿನ ಬಿರುಕು, ಎಲ್ಲ ಕಡೆಯಿಂದಲೂ ಗಾಳಿ ಆಡುತ್ತಿತ್ತು. ಗಾಜು ಹಾಕಿ ಬಿಗಿಮಾಡಿದ ಇಂದಿನ ಕಾಟೇಜ್ ಹಾಗಲ್ಲ. ಅಂದೂ ಎಲ್ಲರೂ ಸುರಕ್ಷಿತವಾಗಿದ್ದರು ಅನ್ನಲಾಗದು, ಕಾರಣ ತಿಳಿಯದ ಸಾವುಗಳ ಲೆಕ್ಕ ಯಾರೂ ಇಟ್ಟಿರಲಿಲ್ಲ.

‘ಕಿಟಕಿ ಸ್ವಲ್ಪ ತೆರೆದಿಟ್ಟರೆ ಸಾಕಲ್ಲವೇ’ ಎಂದೂ ಕೇಳುತ್ತಾರೆ. ಅಪಾಯ ತಗ್ಗಬಹುದು, ಆದರೆ ಎಷ್ಟು ತೆರೆದರೆ ಸಾಕು ಎಂದು ಅಂದಾಜು ಮಾಡಲಾಗದು. ಅಲ್ಲದೆ ಮಧ್ಯರಾತ್ರಿ ಚಳಿಗೆ ಯಾರಾದರೊಬ್ಬರು ಎದ್ದು ಮುಚ್ಚಿಯೇ ಮುಚ್ಚುತ್ತಾರೆ. ಕೆಂಡವನ್ನು ಹೊರಗೇ ಬಿಟ್ಟು ಇನ್ನೆರಡು ರಗ್ಗು ಕೇಳುವುದು ಲೇಸು. ಕಾಟೇಜ್‌ನಲ್ಲಿ ಇನ್ನೆರಡನ್ನು ನೋಡಿಕೊಳ್ಳಿ: ಕರೆಂಟ್ ಇಲ್ಲದ ಕಡೆ ಜನರೇಟರ್ ನಿಮ್ಮ ಕಿಟಕಿಯ ಕೆಳಗೇ ಇದೆಯೇ, ಗ್ಯಾಸ್ ಗೀಸರ್ ಬಾತ್‌ರೂಮಿನ ಒಳಗೇ ಇದೆಯೇ. ಎರಡರಿಂದಲೂ ಇದೇ ಅನಿಲ ಬರುತ್ತದೆ.

ಕೋಣೆಯಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ಒಟ್ಟಿಗೆ ತಲೆನೋವು, ವಾಕರಿಕೆ ಬಂದರೆ ಮೊದಲು ಎಲ್ಲರೂ ಹೊರಗೆ ಬನ್ನಿ, ಆಮೇಲೆ 108ಕ್ಕೆ ಕರೆ ಮಾಡಿ. ಯಾರಾದರೂ ಪ್ರಜ್ಞೆ ತಪ್ಪಿದ್ದರೆ ಬಾಗಿಲು, ಕಿಟಕಿ ತೆರೆದು ಅವರನ್ನು ಬೇಗ ಎಳೆದು ತನ್ನಿ, ಒಳಗೆ ನಿಲ್ಲಬೇಡಿ. ಹೊರಗಿನ ಗಾಳಿಗೆ ಬಂದ ಮೇಲೂ ರಕ್ತದಲ್ಲಿರುವ ಮಾನಾಕ್ಸೈಡ್ ಅರ್ಧಕ್ಕೆ ಇಳಿಯಲು ನಾಲ್ಕೈದು ಗಂಟೆ ಬೇಕು. ಆಸ್ಪತ್ರೆಯಲ್ಲಿ ಮಾಸ್ಕ್ ಹಾಕಿ ಶುದ್ಧ ಆಮ್ಲಜನಕ ಕೊಟ್ಟರೆ ಸುಮಾರು ಒಂದೂವರೆ ಗಂಟೆಯೊಳಗೆ ಅಷ್ಟು ಇಳಿಯುತ್ತದೆ. ‘ಈಗ ಹುಷಾರಾಗಿದ್ದೇನೆ’ ಎಂದು ಅವರು ಹೇಳಿದರೂ ಕರೆದುಕೊಂಡು ಹೋಗಿ, ಕೋಣೆಯಲ್ಲಿ ಕೆಂಡ ಇತ್ತು ಎಂಬುದನ್ನು ವೈದ್ಯರಿಗೆ ಮರೆಯದೆ ತಿಳಿಸಿ.