ಸಿದ್ದಿಗಳೂ ಒಲಿಂಪಿಕ್ ಪದಕವೂ

ಒಲಿಂಪಿಕ್ ಪಂದ್ಯಗಳು ಬಂದಾಗಲೆಲ್ಲ ನಮ್ಮ ಕಾಲೇಜಿನ ಅಂಗಳದಲ್ಲಿ ಒಂದು ಚರ್ಚೆ ಏಳುವುದುಂಟು: ಇಷ್ಟು ದೊಡ್ಡ ದೇಶಕ್ಕೆ ಪದಕಗಳೇಕೆ ಇಷ್ಟು ಕಡಿಮೆ? ಕಳೆದ ಸಲ ಮಿತ್ರನೊಬ್ಬ, "ಯಲ್ಲಾಪುರದ ಸಿದ್ದಿಗಳನ್ನು ಓಡಿಸಿದರೆ ಸಾಕು, ಆಫ್ರಿಕದ ರಕ್ತವಲ್ಲವೆ!" ಎಂದ. ಮೆಚ್ಚಿಕೆಯಿಂದಲೇ ಆಡಿದ ಮಾತು. ಆದರೂ ನನಗೆ ಅದು ಹಿಡಿಸಲಿಲ್ಲ.

ಸಿದ್ದಿಗಳು ತಾವಾಗಿ ವಲಸೆ ಬಂದವರಲ್ಲ. ಅವರ ಪೂರ್ವಿಕರಲ್ಲಿ ಬಹುಮಂದಿಯನ್ನು ಪೋರ್ಚುಗೀಸರು ಆಫ್ರಿಕದಿಂದ ಗುಲಾಮರನ್ನಾಗಿ ಗೋವೆಗೆ ತಂದರು. ಅಲ್ಲಿಂದ ತಪ್ಪಿಸಿಕೊಂಡವರೂ ಬಿಡುಗಡೆ ಪಡೆದವರೂ ಉತ್ತರ ಕನ್ನಡದ ಕಾಡುಗಳನ್ನು ಸೇರಿದರು. ಅವರನ್ನು ಬಹುಕಾಲ ಮರೆತಿದ್ದ ಸರಕಾರಕ್ಕೆ 1987ರಲ್ಲಿ ಅವರ ಕಾಲುಗಳ ನೆನಪಾಯಿತು. 1984ರ ಒಲಿಂಪಿಕ್ಕಿನಿಂದ ಭಾರತ ಬರಿಗೈಯಲ್ಲಿ ಮರಳಿತ್ತಷ್ಟೆ. ಭಾರತೀಯ ಕ್ರೀಡಾ ಪ್ರಾಧಿಕಾರವು ಸಿದ್ದಿ ಮಕ್ಕಳನ್ನು ಆರಿಸಿ, ಊಟ ವಸತಿ ವಿದ್ಯೆಗಳನ್ನು ಕೊಟ್ಟು ತರಬೇತಿಗೆ ಹಚ್ಚಿತು. ಹಲವರು ರಾಷ್ಟ್ರಮಟ್ಟದಲ್ಲಿ ಪದಕಗಳನ್ನೂ ಗೆದ್ದರು. ಆದರೆ ಆರೇಳು ವರ್ಷಗಳಲ್ಲಿ ಆ ಬಾಗಿಲು ಮುಚ್ಚಿಹೋಯಿತು.

ಆಫ್ರಿಕವೆಂಬುದು ಒಂದು ಊರಲ್ಲ. 1960ರಲ್ಲಿ ರೋಮಿನ ಬೀದಿಗಳಲ್ಲಿ ಬರಿಗಾಲಿನಲ್ಲಿ ಓಡಿ ಮ್ಯಾರಥಾನ್ ಗೆದ್ದ ಅಬೆಬೆ ಬಿಕಿಲ ಇಥಿಯೋಪಿಯದ ಎತ್ತರದ ನಾಡಿನವನು. ಸಿದ್ದಿಗಳ ಮೂಲವಾದರೋ ಬಹುಮಟ್ಟಿಗೆ ಆಗ್ನೇಯ ಆಫ್ರಿಕದ ಬಾಂಟು ಜನಾಂಗಗಳಲ್ಲಿದೆ. ರಕ್ತದ ಲೆಕ್ಕ ಹಾಕುವವರು ಭೂಪಟವನ್ನಾದರೂ ನೋಡಬೇಡವೆ?

ಓಟದ ಬಲದಿಂದ ಕೆಲವರು ಸರಕಾರಿ ನೌಕರಿ ಹಿಡಿದು ಮೈದಾನ ಬಿಟ್ಟರು. ಇದಕ್ಕಾಗಿ ಅವರನ್ನು ದೂರುವವರಿದ್ದಾರೆ. ನಾನು ದೂರಲಾರೆ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಕೆಲಸ ಮಾಡುವ ನನ್ನ ತಂದೆ, ನಾನು ಬಿ.ಎ. ತರಗತಿಗೆ ಸೇರಿದ ದಿನ ಕೇಳಿದ್ದು ಒಂದೇ ಮಾತು: "ಇದು ಓದಿದ್ರೆ ಕೆಲಸ ಸಿಗುತ್ತೇನಪ್ಪಾ?" ಮನೆಯಿಂದ ಮೊದಲು ಹೊರಟವನಿಗೆ ಪದಕಕ್ಕಿಂತ ತಿಂಗಳ ಸಂಬಳ ದೊಡ್ಡದಾಗಿ ಕಂಡರೆ ಅದು ದೇಶದ್ರೋಹವೆ?

ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆತದ್ದು 2003ರಲ್ಲಿ, ಅಂದರೆ ಓಟಕ್ಕೆ ಕರೆದ 16 ವರ್ಷಗಳ ಮೇಲೆ. ಅವರಲ್ಲೊಬ್ಬರಾದ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡದ್ದು 2020ರಲ್ಲಿ. ಮೊದಲು ಓಡು, ಆಮೇಲೆ ನಿನ್ನ ಹಕ್ಕು ನೋಡೋಣ ಎಂದಂತಾಯಿತು. ಈ ಕ್ರಮವೇ ತಲೆಕೆಳಗು. ಹಳಿಯಾಳದ ಸಿದ್ದಿ ಹುಡುಗಿಗೂ ಗೌರಿಬಿದನೂರಿನ ಹುಡುಗನಿಗೂ ಬೇಕಾದದ್ದು ಒಂದೇ: ಊರ ಶಾಲೆಯಲ್ಲಿ ಒಂದು ಮೈದಾನ, ಒಬ್ಬ ವ್ಯಾಯಾಮ ಶಿಕ್ಷಕ, ಸೋತರೂ ಮುಂದುವರಿಯುವ ವಿದ್ಯಾರ್ಥಿವೇತನ. ಅಷ್ಟಾದ ಮೇಲೆ ಓಡುವವರು ಓಡಲಿ, ಓದುವವರು ಓದಲಿ.

ಇಷ್ಟನ್ನೂ ಮಿತ್ರನಿಗೆ ಹೇಳಿದೆ. ಆತ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಪದಕ?" ಎಂದ.