ಅವ್ವನ ಮೂರು ತಿಂಗಳ ಸಂಬಳ

ನನ್ನವ್ವ ಹತ್ತೊಂಬತ್ತು ವರ್ಷ ಬೆಂಗಳೂರಿನ ಗಾಂಧಿ ಬಜಾರಿನ ಬೀದಿ ಗುಡಿಸಿದಳು. ಚಾಮರಾಜಪೇಟೆಯಿಂದ ನಸುಕಿಗೇ ನಡೆದು ಬರುತ್ತಿದ್ದಳು. ನೀರು ಕೇಳಿದರೆ ಒಂದು ಮನೆಯವರು ಚೊಂಬನ್ನು ಎತ್ತರಕ್ಕೆ ಹಿಡಿದು ಬೊಗಸೆಗೆ ಹುಯ್ಯುತ್ತಿದ್ದರು. ಆ ನೀರು ಮೊಣಕೈಯಿಂದಿಳಿದು ಸೀರೆ ನೆನೆಯುತ್ತಿತ್ತು. ನನಗಾಗ ಎಂಟು ವರ್ಷ. ಆ ಒದ್ದೆ ಸೆರಗು ಇನ್ನೂ ಕಣ್ಣಲ್ಲಿದೆ. ಕೊನೆಗೊಬ್ಬ ಗುತ್ತಿಗೆದಾರ ಮೂರು ತಿಂಗಳ ಸಂಬಳ ಮುರಿದುಕೊಂಡು ಅವಳನ್ನು ಓಡಿಸಿದ.

ಅದೇ ಮನುಷ್ಯ ಓಟು ಕೇಳಲು ನಮ್ಮ ಓಣಿಗೆ ಬಂದ. "ಅಣ್ಣ ಬಿಸಿನೆಸ್ ಮಾಡಿರೋರು, ಕೆಲಸ ಮಾಡಿಸೋದು ಗೊತ್ತು" ಅಂದರು ಜೊತೆಗಿದ್ದವರು.

ಹೌದು, ಮಾಡಿಸೋದು ಗೊತ್ತು. ಕೂಲಿ ಕೊಡೋದು ಗೊತ್ತಿಲ್ಲ.

ಉದ್ಯಮಿಗಳು ಬಂದರೆ ರಾಜಕೀಯ ಉದ್ಧಾರವಾಗುತ್ತದೆ ಅನ್ನುವವರೇ, ಕೇಳಿ. ಏರ್ ಡೆಕ್ಕನ್ ಕಟ್ಟಿದ ಕ್ಯಾಪ್ಟನ್ ಗೋಪಿನಾಥ್ 2009ರಲ್ಲಿ ಬೆಂಗಳೂರು ದಕ್ಷಿಣದಿಂದ ಪಕ್ಷೇತರರಾಗಿ ನಿಂತು ಸೋತರು. 2014ರಲ್ಲಿ ಇನ್ಫೋಸಿಸ್‌ನ ನಂದನ್ ನಿಲೇಕಣಿ, ಕಾಂಗ್ರೆಸ್ ಟಿಕೆಟ್ಟಿನಲ್ಲಿ, ಅದೇ ಕ್ಷೇತ್ರದಲ್ಲಿ ಬಿಜೆಪಿಯ ಅನಂತಕುಮಾರ್ ಎದುರು ಎರಡು ಲಕ್ಷಕ್ಕೂ ಹೆಚ್ಚು ಮತಗಳಿಂದ ಸೋತರು. ನಿಲೇಕಣಿ ದಕ್ಷರು, ಒಪ್ಪಿದೆ. ಮುಖ್ಯಮಂತ್ರಿಯಾಗಿದ್ದ ಎಸ್.ಎಂ. ಕೃಷ್ಣ 1999ರಲ್ಲೇ ಊರು ತಿದ್ದಲು ನಿಲೇಕಣಿಯವರ ಮುಂದಾಳತ್ವದಲ್ಲಿ ಕಾರ್ಯಪಡೆ ಕಟ್ಟಿದ್ದರು. ಆ ಮೇಜಿನ ಸುತ್ತ ಪೊರಕೆ ಹಿಡಿದವಳಿಗೊಂದು ಕುರ್ಚಿ ಇರಲಿಲ್ಲ.

ಇನ್ನು ವಿಜಯ್ ಮಲ್ಯ. ಅವರಿಗೆ ಜನರ ಓಟೇ ಬೇಕಾಗಲಿಲ್ಲ. ನಮ್ಮ ಶಾಸಕರೇ 2002ರಲ್ಲಿ, ಮತ್ತೆ 2010ರಲ್ಲಿ ರಾಜ್ಯಸಭೆಗೆ ಹೊತ್ತು ಕೂರಿಸಿದರು. 2012ರಲ್ಲಿ ಅವರ ಕಿಂಗ್‌ಫಿಷರ್ ವಿಮಾನ ಸಂಸ್ಥೆ ನೆಲ ಕಚ್ಚಿತು, ನೌಕರರು ತಿಂಗಳುಗಟ್ಟಲೆ ಸಂಬಳವಿಲ್ಲದೆ ಬೀದಿಗೆ ಬಂದರು. 2016ರ ಮಾರ್ಚಿನಲ್ಲಿ, ಇನ್ನೂ ಸಂಸದರಾಗಿರುವಾಗಲೇ, ಅವರು ದೇಶ ಬಿಟ್ಟರು.

ಪೈಲಟ್ಟಿಗೂ ನನ್ನವ್ವನಿಗೂ ಒಂದೇ ಗತಿ.

ಕಂಪನಿ ತನಗೆ ಬೇಡವಾದವರನ್ನು ಗೇಟಿನಾಚೆ ನೂಕುತ್ತದೆ, ಅದನ್ನೇ ದಕ್ಷತೆ ಅನ್ನುತ್ತದೆ. ಊರು ಯಾರನ್ನು ನೂಕಬೇಕು? 2022ರ ಜುಲೈನಲ್ಲಿ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟು, ಕಾಯಂ ಮಾಡಿ ಎಂದು ಫ್ರೀಡಂ ಪಾರ್ಕಿನಲ್ಲಿ ಕೂತರು. ಕಸ ನಾರಿದಾಗಷ್ಟೇ ನಿಮಗೆ ನಾವು ಕಂಡೆವು.

ಮುಂದಿನ ಸಲ ಉದ್ಯಮಿಯೊಬ್ಬ ಕೈಮುಗಿದು ಬಾಗಿಲಿಗೆ ಬಂದರೆ ಅವನ ಆಸ್ತಿ ಪಟ್ಟಿ ನೋಡಿ ಬೆರಗಾಗಬೇಡಿ. ಅವನ ಕೈಕೆಳಗೆ ದುಡಿದ ಕಟ್ಟಕಡೆಯ ಆಳನ್ನು ಹುಡುಕಿ ಕೇಳಿ: ಕೂಲಿ ಕೈಗೆ ಬಂತೇ? ನನ್ನವ್ವನನ್ನು ಕೇಳಲಾರಿರಿ, ಅವಳು ಮಣ್ಣಾದಳು. ಆ ಮೂರು ತಿಂಗಳ ಸಂಬಳ ಇನ್ನೂ ಬಂದಿಲ್ಲ.