ಸಂಪಾದಕರ ಮಾತು: ಮದ್ದಳೆಯೋ, ತಂತ್ರಾಂಶವೋ?

ಸಂಗೀತದಲ್ಲಿ ಆಸಕ್ತನಾದ ತರುಣನೊಬ್ಬನ ಕೈಯಲ್ಲಿ ಒಂದಿಷ್ಟು ಹಣವಿದ್ದರೆ, ಅದನ್ನು ಆತನು ಮರ, ಚರ್ಮ, ತಂತಿ, ಲೋಹಗಳಿಂದಾದ ವಾದ್ಯಕ್ಕೆ ವಿನಿಯೋಗಿಸಬೇಕೋ, ಅಥವಾ ನೂರಾರು ವಾದ್ಯಗಳ ಧ್ವನಿಯನ್ನು ತನ್ನೊಡಲಲ್ಲಿ ಅಡಗಿಸಿಕೊಂಡ ಲ್ಯಾಪ್‌ಟಾಪಿಗೂ ಅದರ ತಂತ್ರಾಂಶಕ್ಕೂ ವಿನಿಯೋಗಿಸಬೇಕೋ ಎಂಬ ಪ್ರಶ್ನೆಯು ಈಗ ಬೆಂಗಳೂರಿನ ಸ್ಟುಡಿಯೋಗಳಿಗಷ್ಟೇ ಸೇರಿದ್ದಾಗಿ ಉಳಿದಿಲ್ಲ. ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಅಡಿಕೆ ತೋಟಗಳ ನಡುವಿನ ಊರುಗಳಲ್ಲಿ, ಘಟ್ಟದ ತಪ್ಪಲಿನ ಮರ್ಕಂಜದಂಥ ಗ್ರಾಮದಲ್ಲಿ, ಭಜನಾ ಮಂಡಳಿಯ ಮಹಾಸಭೆಯಿಂದ ಮೊದಲ್ಗೊಂಡು ಶಾಲಾ ವಾರ್ಷಿಕೋತ್ಸವದ ಸಿದ್ಧತೆಯವರೆಗೆ ಎಲ್ಲೆಡೆಯೂ ಅದು ಒಂದಲ್ಲ ಒಂದು ರೂಪದಲ್ಲಿ ತಲೆಯೆತ್ತುತ್ತಿರುವುದರಿಂದ, ಈ ಸಂಚಿಕೆಯ ಮೊದಲ ಪುಟವನ್ನು ಅದರ ವಿಚಾರಣೆಗೆ ಮೀಸಲಿಡುವುದು ಉಚಿತವೆಂದು ಭಾವಿಸಿದ್ದೇವೆ.

ಇದನ್ನು ಶುದ್ಧಾಶುದ್ಧದ ವಿವಾದವನ್ನಾಗಿ ಮಾಡುವುದು ಸುಲಭ. ಆದರೆ ನಮ್ಮ ಜಿಲ್ಲೆಯ ಸಂಗೀತದ ಚರಿತ್ರೆಯನ್ನು ಬಲ್ಲವರಿಗೆ ಅದು ಸಾಧುವೆನಿಸದು. ಪ್ಯಾರಿಸಿನಲ್ಲಿ 1842ರಲ್ಲಿ ಹಕ್ಕುಪತ್ರ ಪಡೆದ ಹಾರ್ಮೋನಿಯಂ, ಕಲ್ಕತ್ತೆಯಲ್ಲಿ ಕೈಯಿಂದ ತಿದಿಯೊತ್ತುವ ರೂಪವನ್ನು ತಳೆದು, ನಾಟಕ ಕಂಪೆನಿಗಳೊಡನೆ ಊರೂರು ತಿರುಗಿ, ಕಟ್ಟಕಡೆಗೆ ನಮ್ಮ ಭಜನಾ ಮಂದಿರಗಳ ನಿತ್ಯವಾದ್ಯವಾಯಿತು. ಗಮಕವನ್ನು ನುಡಿಸಲಾರದ್ದೆಂಬ ಆಕ್ಷೇಪದಿಂದ 1940ರಿಂದ 1971ರವರೆಗೆ ಆಕಾಶವಾಣಿಯಿಂದ ಬಹಿಷ್ಕೃತವಾಗಿದ್ದ ಆ ವಾದ್ಯದ ಮನೆಗಳನ್ನೆಣಿಸಿಯೇ ಯಕ್ಷಗಾನದ ಭಾಗವತರು ಇಂದಿಗೂ ತಮ್ಮ ಶ್ರುತಿಯನ್ನು ಕಪ್ಪು ಎರಡು, ಬಿಳಿ ನಾಲ್ಕು ಎಂದು ನಿರ್ದೇಶಿಸುತ್ತಾರೆ. ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸ್ ನಿರ್ಮಿಸಿದ ಸ್ಯಾಕ್ಸೋಫೋನು, ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಅದನ್ನಾಲಿಸಿ ಮನಸೋತ ಕದ್ರಿ ಗೋಪಾಲನಾಥರ ದೀರ್ಘಸಾಧನೆಯಿಂದ ಕರ್ನಾಟಕ ಸಂಗೀತದ ವೇದಿಕೆಯನ್ನೇರಿದ್ದಷ್ಟೇ ಅಲ್ಲ, ತುಳುನಾಡಿನ ಉತ್ಸವಗಳಲ್ಲಿಯೂ ಮದುವೆಯ ಚಪ್ಪರಗಳಲ್ಲಿಯೂ ನಾಗಸ್ವರದ ಪಕ್ಕದಲ್ಲಿ ಸ್ಥಾನ ಪಡೆಯಿತು. ಪುತ್ತೂರಿನಲ್ಲಿ ಬಹುಕಾಲ ನೆಲಸಿದ್ದ ಶಿವರಾಮ ಕಾರಂತರು, ಯಕ್ಷಗಾನ ಬಯಲಾಟದ ಮೇಲಣ ತಮ್ಮ ಗ್ರಂಥಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದ ವಿದ್ವಾಂಸರಾಗಿದ್ದೂ, ತಮ್ಮ ಯಕ್ಷಗಾನ ಪ್ರಯೋಗಗಳಲ್ಲಿ ಪಿಟೀಲನ್ನೂ ಸ್ಯಾಕ್ಸೋಫೋನನ್ನೂ ಹಿಮ್ಮೇಳಕ್ಕೆ ಸೇರಿಸಲು ಹಿಂಜರಿಯಲಿಲ್ಲ. ಹೊಸತೆಂಬ ಒಂದೇ ಕಾರಣಕ್ಕಾಗಿ ಯಾವ ಸಾಧನವನ್ನೂ ನಿರಾಕರಿಸುವ ಅಧಿಕಾರ ನಮಗಿಲ್ಲ.

ಶ್ರುತಿಯ ವಿಷಯವನ್ನೇ ಮೊದಲು ಪರಿಶೀಲಿಸೋಣ. ಒಂದು ಕಾಲದಲ್ಲಿ ಯಕ್ಷಗಾನದ ಹಿಮ್ಮೇಳಕ್ಕೆ ಪುಂಗಿಯು ಶ್ರುತಿಯನ್ನೊದಗಿಸುತ್ತಿತ್ತು. ಉಸಿರು ಕಟ್ಟಿ ಇರುಳಿಡೀ ಅದನ್ನೂದುವವನ ಶ್ರಮವನ್ನು ಹಾರ್ಮೋನಿಯಂ ತಗ್ಗಿಸಿತು. ಹಾರ್ಮೋನಿಯಂ ಒತ್ತುವವನ ಶ್ರಮವನ್ನು ವಿದ್ಯುತ್ತಿನ ಶ್ರುತಿಪೆಟ್ಟಿಗೆಯು ಸಂಪೂರ್ಣವಾಗಿ ನಿವಾರಿಸಿತು. ಬೆಂಗಳೂರಿನ ಎಂಜಿನಿಯರರೂ ಕೊಳಲುವಾದಕರೂ ಆದ ಜಿ. ರಾಜ್‌ನಾರಾಯಣ್ ಅವರು 1970ರ ದಶಕದ ಕೊನೆಯಲ್ಲಿ ಎಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿದ ಮೇಲೆ, ಆಳೆತ್ತರದ ತಂಬೂರಿಯನ್ನು ಬಸ್ಸಿನಲ್ಲಿ ಹೊತ್ತೊಯ್ಯಲಾರದ ಸಹಸ್ರಾರು ವಿದ್ಯಾರ್ಥಿಗಳಿಗೆ ಶ್ರುತಿಯು ಅಂಗೈಯಗಲದ ಪೆಟ್ಟಿಗೆಯಲ್ಲಿ ಲಭ್ಯವಾಯಿತು. ಈಗಂತೂ ಆ ಪೆಟ್ಟಿಗೆಯೂ ಬೇಡ, ಮೊಬೈಲಿನೊಳಗಣ ಒಂದು ಆ್ಯಪ್ ಸಾಕು. ಕುದುರೆಯ ಮೇಲೆ ಎಳೆದ ನೂಲಿನಿಂದ ತಂಬೂರಿಯ ತಂತಿಯಲ್ಲಿ ಹೊಮ್ಮುವ ಜೀವದ ಝೇಂಕಾರವು ಅದರಲ್ಲಿ ಯಥಾವತ್ತಾಗಿ ಇಲ್ಲವೆಂಬುದು ನಿಜವೇ. ಆದರೂ ಶ್ರುತಿಯ ಧರ್ಮವು ಅಚಲವಾಗಿರುವುದು. ಯಾರಿಗೂ ಪ್ರತ್ಯುತ್ತರ ಕೊಡದೆ, ಎಲ್ಲರಿಗೂ ಆಧಾರವಾಗಿ ನಿಲ್ಲುವುದು. ಅಂಥ ಕಾರ್ಯವನ್ನು ಯಂತ್ರಕ್ಕೆ ಒಪ್ಪಿಸುವುದರಿಂದ ಸಂಗೀತಕ್ಕೆ ಹಾನಿಗಿಂತ ಉಪಕಾರವೇ ಅಧಿಕವಾಗಿದೆ.

ತಂತ್ರಾಂಶದ ಉಪಕಾರವು ಇಲ್ಲಿಗೇ ಮುಗಿಯುವುದಿಲ್ಲ. ಬೇರೆ ಬೇರೆ ಕಂಪೆನಿಗಳ ವಿದ್ಯುನ್ಮಾನ ವಾದ್ಯಗಳು ಪರಸ್ಪರ ಸಂವಾದಿಸಲೆಂದು 1983ರಲ್ಲಿ ಮಿಡಿ ಎಂಬ ಒಪ್ಪಂದವು ಜಾರಿಗೆ ಬಂದಿತು. ಆ ಬಳಿಕ ಕ್ಯೂಬೇಸ್, ಎಫ್‌ಎಲ್ ಸ್ಟುಡಿಯೋ ಮೊದಲಾದ ತಂತ್ರಾಂಶಗಳು ಒಂದಿಡೀ ವಾದ್ಯವೃಂದವನ್ನು ಮೇಜಿನ ಮೇಲಕ್ಕೆ ತಂದವು. ಪಿಟೀಲುಗಾರರ ತಂಡವನ್ನು ಕರೆಯಿಸುವ ಸಾಮರ್ಥ್ಯವಿಲ್ಲದ ಹಳ್ಳಿಯ ಹುಡುಗನೊಬ್ಬನು ತನ್ನ ಮನಸ್ಸಿನಲ್ಲಿ ಮೂಡಿದ ರಾಗಸಂಯೋಜನೆಯನ್ನು ಇರುಳು ಮನೆಯ ಜಗಲಿಯಲ್ಲಿ ಕುಳಿತು ಕಿವಿಯಾರೆ ಕೇಳಿ, ತಪ್ಪನ್ನು ತಿದ್ದಿ, ಮತ್ತೆ ಕೇಳಬಹುದೆಂಬುದು ಅಲ್ಪವಾದ ವರವಲ್ಲ. ಅರೆಭಾಷೆಯಲ್ಲಿಯೋ ತುಳುವಿನಲ್ಲಿಯೋ ಹಾಡೊಂದನ್ನು ಕಟ್ಟಿ ಧ್ವನಿಮುದ್ರಿಸಲು ಮಂಗಳೂರಿನ ಸ್ಟುಡಿಯೋದ ಗಂಟೆಬಾಡಿಗೆಯನ್ನು ತೆರಬೇಕಾಗಿದ್ದ ಕಾಲವನ್ನು ನೆನೆದವರು ಈ ವರವನ್ನು ಹಳಿಯಲಾರರು.

ಚರ್ಮವಾದ್ಯದ ಕಷ್ಟವನ್ನೂ ಮರೆಮಾಚಬೇಕಾಗಿಲ್ಲ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಈ ಸೀಮೆಯಲ್ಲಿ ಮದ್ದಳೆಯ ಮುಚ್ಚಿಗೆಯು ಆಟಿಯ ತಿಂಗಳಲ್ಲಿ ತೇವವನ್ನು ಹೀರಿ ಸಡಿಲಗೊಂಡು, ಬಿಸಿ ತಾಗಿಸದ ಹೊರತು ನಾದಕ್ಕೆ ಬಾರದು. ಕರಣೆ ಬಿರುಕು ಬಿಟ್ಟರೆ ಅದನ್ನು ಅರಿತವರನ್ನು ಹುಡುಕಿಕೊಂಡು ಹೋಗಬೇಕು. ಭಾಗವತರ ಶ್ರುತಿ ಬದಲಾದರೆ ಬೇರೊಂದು ಮದ್ದಳೆಯನ್ನೇ ಎತ್ತಿಕೊಳ್ಳಬೇಕು. ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿ, ಮಳೆಗಾಲವು ಮಾಡಿನಡಿಯ ತಾಳಮದ್ದಳೆಗೆ ಮೀಸಲಾದುದರಲ್ಲಿ ಪ್ರಕೃತಿಯ ಈ ನಿರ್ಬಂಧವೂ ಸೇರಿದೆ. ಇತ್ತ ಲ್ಯಾಪ್‌ಟಾಪು ಮಳೆಗೆ ಸಡಿಲಗೊಳ್ಳದು ಎಂಬ ಮಾತಿಗೆ, ಅದೇ ಮಳೆಗೆ ಮರ ಬಿದ್ದು ದಿನಗಟ್ಟಲೆ ಕರೆಂಟು ಹೋಗುವ ಊರಿನವರು ಮುಗುಳ್ನಗೆಯನ್ನೇ ಉತ್ತರವಾಗಿ ಕೊಟ್ಟಾರು.

ಹಾಗಾದರೆ ಗೆರೆಯನ್ನು ಎಲ್ಲಿ ಎಳೆಯಬೇಕು? ತೆಂಕುತಿಟ್ಟಿನ ಆಟವೊಂದರ ಯುದ್ಧದ ಪದ್ಯವನ್ನು ಲಕ್ಷ್ಯವಿಟ್ಟು ನೋಡಿದವರಿಗೆ ಇದಕ್ಕೆ ಉತ್ತರವು ಅಲ್ಲಿಯೇ ದೊರೆಯುತ್ತದೆ. ಪದ್ಯದ ಕೊನೆಯ ಸಾಲು ಮುಗಿಯುತ್ತ ಬಂದಿದೆ, ಬಿಡ್ತಿಗೆಯೂ ಆಗಿದೆ, ವೇಷಧಾರಿಯು ಇನ್ನೊಂದು ಸುತ್ತು ಧೀಂಗಿಣ ಹಾರಬೇಕೆಂದು ಬಯಸುತ್ತಾನೆ, ಆದರೆ ಬಾಯಿಬಿಟ್ಟು ಹೇಳುವಂತಿಲ್ಲ. ಹೆಗಲಿನ ಒಂದು ತಿರುವನ್ನು, ಹೆಜ್ಜೆಯ ಒಂದು ಒತ್ತನ್ನು ಹಿಂದಿನಿಂದಲೇ ಕಂಡುಕೊಂಡ ಚೆಂಡೆಯವರು ಕೊಡಬೇಕಾಗಿದ್ದ ಮುಕ್ತಾಯವನ್ನು ತಡೆದು ಲಯವನ್ನು ಮುಂದಕ್ಕೆ ಒಯ್ಯುತ್ತಾರೆ. ಅದನ್ನರಿತ ಭಾಗವತರ ಜಾಗಟೆಯೂ ಮದ್ದಳೆಯೂ ಕ್ಷಣಾರ್ಧದಲ್ಲಿ ಜೊತೆಗೂಡುತ್ತವೆ. ಮುದಿ ವೇಷಧಾರಿಯ ಉಸಿರು ಸೋತುದನ್ನು ಕಂಡರೆ, ಪ್ರೇಕ್ಷಕರಿಗೆ ತಿಳಿಯದಂತೆ ಆ ಸುತ್ತನ್ನು ಬೇಗನೆ ಮುಗಿಸಿ ಆತನ ಮಾನವನ್ನು ಕಾಯುವವರೂ ಅವರೇ. ಮಿಡಿಯು ಪ್ರತಿಯೊಂದು ಪೆಟ್ಟಿನ ಬಲವನ್ನು 127ರವರೆಗಿನ ಅಂಕಿಗಳಲ್ಲಿ ಅಳೆದು ಬರೆದಿಡಬಲ್ಲದು. ಚೆಂಡೆಯ ನಾದವನ್ನು ಸೂಕ್ಷ್ಮವಾಗಿ ಮುದ್ರಿಸಿಕೊಂಡು ಬೇಕೆಂದಾಗ ನುಡಿಸಲೂಬಲ್ಲದು. ಆದರೆ ಎದುರಿಗಿರುವವನ ಉಸಿರನ್ನು ನೋಡಿ, ಪೆಟ್ಟನ್ನು ಕೊಡದಿರಬೇಕಾದ ಗಳಿಗೆಯನ್ನು ತಾನಾಗಿ ನಿರ್ಣಯಿಸಿ ಅದರ ಹೊಣೆಯನ್ನು ಹೊರಲಾರದು. ನಾದವು ಮರದಿಂದ ಹುಟ್ಟಿತೋ ಸ್ಪೀಕರಿನಿಂದ ಹುಟ್ಟಿತೋ ಎಂಬುದಕ್ಕಿಂತ, ಆ ನಾದದ ಹಿಂದೆ ಕಿವಿಗೊಟ್ಟು ಕಾಯುವವನೊಬ್ಬನು ಇದ್ದಾನೆಯೇ ಎಂಬುದೇ ನಮಗೆ ಮುಖ್ಯವಾಗಿ ಕಾಣುತ್ತದೆ.

ಈ ಅಳತೆಗೋಲಿನಿಂದ ನೋಡಿದರೆ ಕೆಲವು ಸಂಗತಿಗಳು ತಲೆಕೆಳಗಾಗುತ್ತವೆ. ನಮ್ಮ ಅನೇಕ ದೇವಸ್ಥಾನಗಳಲ್ಲಿ ಮಹಾಪೂಜೆಯ ಹೊತ್ತಿಗೆ ಗುಂಡಿಯೊಂದನ್ನು ಒತ್ತಿದೊಡನೆ ಮೋಟಾರು ತಿರುಗಿ, ಕಬ್ಬಿಣದ ತೋಳುಗಳು ನಗಾರಿಯನ್ನೂ ಜಾಗಟೆಯನ್ನೂ ಘಂಟೆಯನ್ನೂ ಒಟ್ಟಿಗೆ ಬಡಿಯುವ ಯಂತ್ರವಿದೆ. ಅದರಲ್ಲಿರುವುದು ನಿಜವಾದ ಚರ್ಮ, ನಿಜವಾದ ಕಂಚು. ತಂತ್ರಾಂಶದ ಲೇಶವೂ ಇಲ್ಲ. ಆದರೂ ಆರತಿಯು ನಿಧಾನವಾದರೆ ಅದು ನಿಧಾನಿಸುವುದಿಲ್ಲ. ಬಡಿಯಲು ನಾಲ್ಕು ಮಂದಿ ಮಕ್ಕಳು ಮುಂದೆ ಬಂದಿದ್ದರೂ ಅವರಿಗೆ ಅಲ್ಲಿ ಕೆಲಸವಿಲ್ಲ. ಅದಕ್ಕೆ ಪ್ರತಿಯಾಗಿ, ಕೀಲಿಮಣೆಯ ಮುಂದೆ ಕುಳಿತು ಗಾಯಕಿಯ ಮುಖವನ್ನೇ ನೋಡುತ್ತ, ಆಕೆ ಪಲ್ಲವಿಗೆ ಮರಳುವವರೆಗೆ ಸ್ವರವನ್ನು ಹಿಡಿದು ನಿಲ್ಲಿಸುವ ಯುವಕನು ತಂತ್ರಾಂಶದ ಮೂಲಕವೇ ಆದರೂ ಸಂಗೀತವನ್ನೇ ಮಾಡುತ್ತಿದ್ದಾನೆ. ರಸಮಂಜರಿಯ ಜಾಗದಲ್ಲಿ ಕರೋಕೆ ಬಂದಾಗಲೂ, ಭರತನಾಟ್ಯದ ಹಿಮ್ಮೇಳದ ಜಾಗದಲ್ಲಿ ಪೆನ್‌ಡ್ರೈವ್ ಬಂದಾಗಲೂ ನಾವು ಕಳೆದುಕೊಂಡುದು ಈ ಕಾಯುವಿಕೆಯನ್ನೇ: ತಪ್ಪಿದ ಹೆಜ್ಜೆಗಾಗಿ ಪೆನ್‌ಡ್ರೈವು ನಿಲ್ಲುವುದಿಲ್ಲವಾದ್ದರಿಂದ, ವೇದಿಕೆಯ ಮೇಲಿನ ಮಗುವು ಸಂಗೀತದೊಡನೆ ಕುಣಿಯದೆ ಅದರ ಹಿಂದೆ ಓಡುತ್ತದೆ. ಇದಕ್ಕೆ ಹಣದ ಅಭಾವವು ಕಾರಣವೆಂಬುದನ್ನು ಬಲ್ಲೆವು. ಹಿಮ್ಮೇಳಕ್ಕೆ ಕೊಡುವ ಸಂಭಾವನೆಯನ್ನು ಪಂದಲಿನ ಅಲಂಕಾರಕ್ಕೆ ಸುರಿಯುವ ಸಮಿತಿಗಳನ್ನೂ ಬಲ್ಲೆವು.

ಆದುದರಿಂದ ನಮ್ಮ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇವೆ. ಶ್ರುತಿಯನ್ನು, ಅಭ್ಯಾಸದ ತಾಳವನ್ನು, ಧ್ವನಿಮುದ್ರಣವನ್ನು, ರಚನೆಯ ಕರಡನ್ನು ತಂತ್ರಾಂಶಕ್ಕೆ ನಿಸ್ಸಂಕೋಚವಾಗಿ ಒಪ್ಪಿಸಬಹುದು. ಇನ್ನೊಬ್ಬರಿಗೆ ಉತ್ತರ ಕೊಡಬೇಕಾದ ನಾದವನ್ನು ಮನುಷ್ಯನ ಕೈಯಲ್ಲಿಯೇ ಉಳಿಸಿಕೊಳ್ಳತಕ್ಕದ್ದು. ಕಲಿಯಹೊರಟ ತರುಣನು ಮೊದಲು ಗುರುಮುಖೇನ ಒಂದು ವಾದ್ಯವನ್ನು, ಅದು ಮದ್ದಳೆಯಾಗಲಿ ಕೊಳಲಾಗಲಿ, ಕೈಗೆ ಹತ್ತಿಸಿಕೊಳ್ಳಲಿ. ಆ ಕಿವಿಯೊಂದು ಸಿದ್ಧವಾದ ಮೇಲೆ ಲ್ಯಾಪ್‌ಟಾಪು ಆತನಿಗೆ ವಿಧೇಯವಾಗಿ ದುಡಿಯುವುದು. ಮಂದಿರಗಳ, ದೇವಸ್ಥಾನಗಳ ಆಡಳಿತವನ್ನು ವಹಿಸಿಕೊಂಡಿರುವ ನಮ್ಮ ಓದುಗರಲ್ಲಿ ಒಂದೇ ಒಂದು ವಿಜ್ಞಾಪನೆ: ಬರುವ ವರ್ಷದ ಖರ್ಚಿನ ಪಟ್ಟಿಯಲ್ಲಿ ನಗಾರಿಯ ಯಂತ್ರಕ್ಕೆಂದು ಮೊಬಲಗನ್ನು ಬರೆಯುವ ಮುನ್ನ, ಊರಿನ ಮಕ್ಕಳಿಗೆ ಚೆಂಡೆ ಮದ್ದಳೆ ಕಲಿಸುವ ಗುರುವಿನ ಸಂಭಾವನೆಗೆಂದು ಒಂದು ಸಾಲನ್ನು ಬರೆಯಿರಿ.